ಮಲೆನಾಡಲ್ಲೇ ಕೂತು ನೀಟ್‌ಗೆ ಓದುವುದು ಹೇಗೆ?

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮರುದಿನವೇ ನಮ್ಮ ಕಡೆ ಮನೆಗಳಲ್ಲಿ ಒಂದೇ ಮಾತು. ಹುಡುಗಿ ಡಾಕ್ಟರ್ ಆಗ್ಬೇಕು ಅಂತಾಳೆ, ಇಲ್ಲೇ ಓದಿಸೋದಾ, ಘಟ್ಟ ಇಳಿಸಿ ಹಾಸ್ಟೆಲಿಗೆ ಹಾಕೋದಾ? ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಎಷ್ಟೋ ಮಕ್ಕಳು ಹೀಗೆ ಕರಾವಳಿಗೋ ಬೆಂಗಳೂರಿಗೋ ಹೋಗುತ್ತಾರೆ. ಹೋಗುವುದು ತಪ್ಪೇನಲ್ಲ. ಆದರೆ ದುಡ್ಡು ಹೊಂದಿಸಲಾಗದ ಮನೆಯವರು ಅಷ್ಟಕ್ಕೇ ಕೈ ಚೆಲ್ಲಬೇಕಿಲ್ಲ. ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವನಾಗಿ ನನ್ನ ಅಭಿಪ್ರಾಯ ಇಷ್ಟೇ: ವೈದ್ಯಕೀಯ ಸೀಟಿಗೆ ಬರೆಯುವ ಈ ನೀಟ್ ಪರೀಕ್ಷೆಯಲ್ಲಿ ಮಕ್ಕಳು ಹಿಂದೆ ಬೀಳುವುದು ಓದು ಕಡಿಮೆ ಆಗಿ ಅಲ್ಲ, ಪ್ರಶ್ನೆಗೆ ಉತ್ತರ ಬರೆದು ನೋಡುವುದು ಕಡಿಮೆ ಆಗಿ. ಬರೆದು ನೋಡುವ ಕೆಲಸ ಮನೆಯ ಜಗಲಿಯಲ್ಲೂ ಆಗುತ್ತದೆ.

ಮೊದಲು ಪರೀಕ್ಷೆಯ ಅಳತೆ ತಿಳ್ಕೊಳ್ಳಿ

ನೀಟ್ ನಡೆಸುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ಎನ್‌ಟಿಎ. 2025ರಲ್ಲಿ ಇದರ ಮಾದರಿ ಬದಲಾಯಿತು. ಈಗ 180 ಪ್ರಶ್ನೆ, 180 ನಿಮಿಷ, 720 ಅಂಕ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ 1 ಅಂಕ ಕಡಿತ, ಬಿಟ್ಟರೆ ಸೊನ್ನೆ. 2021ರಿಂದ 2024ರವರೆಗೆ 200 ಪ್ರಶ್ನೆ ಕೊಟ್ಟು 180ಕ್ಕೆ ಉತ್ತರಿಸಿ ಅನ್ನುತ್ತಿದ್ದರು. ಆ ಆಯ್ಕೆ ಈಗಿಲ್ಲ. ಅಣ್ಣನೋ ಅಕ್ಕನೋ ಬಿಟ್ಟುಹೋದ ಹಳೇ ಗೈಡ್ ಇದ್ದರೆ ಪ್ರಶ್ನೆಗಳಿಗೆ ಬಳಸಿ, ಮಾದರಿಗೆ ಬಳಸಬೇಡಿ.

ಪಠ್ಯಕ್ರಮ ಗೊತ್ತು ಮಾಡುವುದು ರಾಷ್ಟ್ರೀಯ ವೈದ್ಯಕೀಯ ಆಯೋಗ. 2024ರ ಪರೀಕ್ಷೆಗೆ ಅದನ್ನೂ ಕತ್ತರಿಸಿದರು. ಘನಸ್ಥಿತಿ, ಪಾಲಿಮರ್, ಮೇಲ್ಮೈ ರಸಾಯನಶಾಸ್ತ್ರದಂಥ ಪಾಠಗಳು ಹೋದವು. ಬದಲಿಗೆ ಲ್ಯಾಬಿನ ಭಾಗ ಸೇರಿತು: ಭೌತಶಾಸ್ತ್ರದಲ್ಲಿ ವರ್ನಿಯರ್, ಸ್ಕ್ರೂ ಗೇಜ್ ತರಹದ ಪ್ರಯೋಗಗಳು, ರಸಾಯನಶಾಸ್ತ್ರದಲ್ಲಿ ಲವಣ ಪರೀಕ್ಷೆ, ಟೈಟ್ರೇಷನ್. ಕಾಲೇಜಿನ ಲ್ಯಾಬಲ್ಲಿ ಪಕ್ಕದವರ ರೀಡಿಂಗ್ ಕಾಪಿ ಮಾಡುವ ಅಭ್ಯಾಸ ಇದ್ದರೆ ಈಗಲೇ ಬಿಡಿ. ಪಠ್ಯಕ್ರಮದ ಪಟ್ಟಿಯನ್ನು ಆಯೋಗದ ಜಾಲತಾಣದಿಂದ ಇಳಿಸಿ, ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿ. ಮುಗಿದ ಪಾಠಕ್ಕೆ ಅದರಲ್ಲೇ ಟಿಕ್ ಹಾಕುತ್ತಾ ಹೋಗಿ.

ಪುಸ್ತಕದ ವಿಷಯದಲ್ಲಿ ನಮಗೆ ಅನುಕೂಲವೇ ಇದೆ. ರಾಜ್ಯದ ಪಿಯು ವಿಜ್ಞಾನಕ್ಕೂ ಕೇಂದ್ರದ ಎನ್‌ಸಿಇಆರ್‌ಟಿ ಪಠ್ಯವೇ. ಕಾಲೇಜು ಪಾಠ ಬೇರೆ, ನೀಟ್ ಪಾಠ ಬೇರೆ ಅಂತಿಲ್ಲ. ಬೋರ್ಡ್ ಪರೀಕ್ಷೆಯನ್ನೂ ಹಗುರವಾಗಿ ನೋಡುವ ಹಾಗಿಲ್ಲ. ಭೌತ, ರಸಾಯನ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇ. 50, ಮೀಸಲು ವರ್ಗಗಳಿಗೆ ಶೇ. 40 ಇಲ್ಲದಿದ್ದರೆ ನೀಟ್ ಅಂಕ ಎಷ್ಟಿದ್ದರೂ ಎಂಬಿಬಿಎಸ್ ಸೀಟು ಸಿಗುವುದಿಲ್ಲ.

ಜೀವಶಾಸ್ತ್ರ: ಎರಡು ಪುಟ ಓದಿ, ಪುಸ್ತಕ ಮುಚ್ಚಿ

720ರಲ್ಲಿ 360 ಅಂಕ ಇಲ್ಲೇ ಇದೆ. ಅಂಕ ಸಮ ಬಂದಾಗ ಮೊದಲು ನೋಡುವುದೂ ಜೀವಶಾಸ್ತ್ರದ ಅಂಕವನ್ನೇ. ಎನ್‌ಸಿಇಆರ್‌ಟಿಯ ಸಾಲು ಸಾಲಿನಿಂದ ಪ್ರಶ್ನೆ ತೆಗೆಯುತ್ತಾರೆ. ಚಿತ್ರದ ಕೆಳಗಿನ ಬರಹವನ್ನೂ ಬಿಡುವುದಿಲ್ಲ.

ಹಳದಿ ಹೈಲೈಟರ್ ಹಿಡಿದು ಇಡೀ ಪುಟಕ್ಕೆ ಬಣ್ಣ ಬಳಿಯುವುದನ್ನು ಓದು ಅಂತ ನಾನು ಕರೆಯುವುದಿಲ್ಲ. ಎರಡು ಪುಟ ಓದಿ. ಪುಸ್ತಕ ಮುಚ್ಚಿ. ಈಗ ಪ್ರಶ್ನೆ ತೆಗೆಯುವವರು ನೀವೇ ಅಂದುಕೊಂಡು ಐದಾರು ಪ್ರಶ್ನೆ ಬರೆಯಿರಿ.

ಒಂದು ಉದಾಹರಣೆ ನೋಡೋಣ. ದ್ವಿತೀಯ ಪಿಯುನ ಹೂಬಿಡುವ ಸಸ್ಯಗಳ ಲೈಂಗಿಕ ಸಂತಾನೋತ್ಪತ್ತಿ ಪಾಠ. ಅಲ್ಲಿ ಒಂದು ಸಾಲು: ಎಳನೀರು ಅಂದರೆ ಮುಕ್ತ ನ್ಯೂಕ್ಲಿಯಸ್‌ಗಳ ಎಂಡೋಸ್ಪರ್ಮ್ (ಭ್ರೂಣಕ್ಕೆ ಆಹಾರವಾಗುವ ಭಾಗ), ಸುತ್ತಲಿನ ಬಿಳಿ ತಿರುಳು ಕೋಶಗಳಾದ ಎಂಡೋಸ್ಪರ್ಮ್. ಸ್ವಲ್ಪ ಮುಂದೆ ಹೋದರೆ ಕಾಳುಮೆಣಸು ಬರುತ್ತದೆ. ಅದರಲ್ಲಿ ನ್ಯೂಸೆಲಸ್ಸಿನ (ಬೀಜವಾಗುವ ಅಂಡಕದೊಳಗಿನ ಅಂಗಾಂಶ) ಸ್ವಲ್ಪ ಭಾಗ ಬೀಜದಲ್ಲೇ ಉಳಿಯುತ್ತದೆ, ಅದಕ್ಕೆ ಪೆರಿಸ್ಪರ್ಮ್ ಅನ್ನುತ್ತಾರೆ. ಬೀಟ್‌ರೂಟೂ ಹಾಗೆಯೇ. ಮತ್ತೆ ಗೇರು: ಥಲಾಮಸ್ (ಹೂವಿನ ಬುಡದ ಭಾಗ) ಕೂಡ ಹಣ್ಣಾಗುವುದರಿಂದ ಅದು ಸುಳ್ಳು ಹಣ್ಣು, ಸೇಬು ಮತ್ತು ಸ್ಟ್ರಾಬೆರಿ ಸಾಲಿಗೆ ಸೇರಿದ್ದು. ಈಗ ಹೊಂದಿಸಿ ಬರೆಯಿರಿ ಅಂತ ಒಂದು ಪ್ರಶ್ನೆ ಮಾಡಿ. ಎಡಕ್ಕೆ ತೆಂಗು, ಮೆಣಸು, ಗೇರು, ಬಾಳೆ. ಬಲಕ್ಕೆ ಪೆರಿಸ್ಪರ್ಮ್, ಸುಳ್ಳು ಹಣ್ಣು, ಪಾರ್ಥೆನೋಕಾರ್ಪಿ (ಫಲೀಕರಣವಿಲ್ಲದೆ ಹಣ್ಣಾಗುವುದು), ಮುಕ್ತ ನ್ಯೂಕ್ಲಿಯಸ್. ಪರೀಕ್ಷೆಯಲ್ಲಿ ಬರುವುದು ಇಂಥದ್ದೇ. ಈ ನಾಲ್ಕೂ ನಿಮ್ಮ ತೋಟದಲ್ಲೇ ಇವೆಯಲ್ವಾ? ಬಳ್ಳಿಯಿಂದ ಒಂದು ಮೆಣಸಿನ ಗೊಂಚಲು ಕಿತ್ತು, ಒಂದು ಕಾಳನ್ನು ಬ್ಲೇಡಿನಲ್ಲಿ ಸೀಳಿ ನೋಡಿ. ಒಳಗಿನ ಬಿಳಿ ಭಾಗದ ಬಹುಪಾಲು ಅದೇ ಪೆರಿಸ್ಪರ್ಮ್. ಒಮ್ಮೆ ನೋಡಿದ್ದು ಮರೆಯುವುದಿಲ್ಲ.

ಜೀವವೈವಿಧ್ಯ ಪಾಠದಲ್ಲಿ ದೇವರ ಕಾಡು ಬರುತ್ತದೆ, ಕರ್ನಾಟಕದ ಪಶ್ಚಿಮ ಘಟ್ಟದ ಹೆಸರೂ ಇದೆ. ನಮ್ಮೂರಿನದೇ ಅಂತ ಆ ಪುಟವನ್ನು ಖುಷಿಯಿಂದ ಓದಿ, ಅದೇ ಸಾಲಿನಲ್ಲಿರುವ ಮೇಘಾಲಯದ ಖಾಸಿ, ಜೈಂತಿಯಾ ಬೆಟ್ಟ ಮತ್ತು ರಾಜಸ್ಥಾನದ ಅರಾವಳಿಯನ್ನು ಬಿಟ್ಟುಬಿಡುವ ಮಕ್ಕಳಿದ್ದಾರೆ. ಪ್ರಶ್ನೆ ಬರುವುದು ಬಿಟ್ಟದ್ದರ ಮೇಲೇ!

ಭೌತಶಾಸ್ತ್ರವನ್ನು ಡಿಸೆಂಬರಿಗೆ ತಳ್ಳಬೇಡಿ

ನಮ್ಮ ಮಕ್ಕಳು ಹೆಚ್ಚು ಅಂಕ ಕಳೆದುಕೊಳ್ಳುವುದು ಇಲ್ಲಿ. ಜೀವಶಾಸ್ತ್ರ ಓದುವುದು ಸುಲಭ, ಓದಿದ ಸಮಾಧಾನವೂ ಸಿಗುತ್ತದೆ. ಹಾಗಾಗಿ ದಿನವೆಲ್ಲ ಅದನ್ನೇ ಹಿಡಿದು ಕೂರುತ್ತಾರೆ. ನನ್ನ ಸಲಹೆ ಉಲ್ಟಾ. ಬೆಳಿಗ್ಗೆ ತಲೆ ಚುರುಕಾಗಿರುವ ಒಂದೂವರೆ ಗಂಟೆ ಭೌತಶಾಸ್ತ್ರದ ಲೆಕ್ಕಕ್ಕೇ ಮೀಸಲಿಡಿ. ದಿನಕ್ಕೆ ಹದಿನೈದು ಲೆಕ್ಕ ಸಾಕು, ಆದರೆ ಒಂದು ದಿನವೂ ತಪ್ಪಬಾರದು. ವಿಡಿಯೋದಲ್ಲಿ ಮೇಷ್ಟ್ರು ಬಿಡಿಸಿದ ಲೆಕ್ಕ ನೀವು ಬಿಡಿಸಿದ ಲೆಕ್ಕಕ್ಕೆ ಸಮ ಅಲ್ಲ.

ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಇಲ್ಲ, ಲಾಗ್ ಟೇಬಲ್ಲೂ ಇಲ್ಲ. ಕೈಲೆಕ್ಕ ನಿಧಾನವಾದರೆ ಸೂತ್ರ ಗೊತ್ತಿದ್ದೂ ಸಮಯ ಸಾಲುವುದಿಲ್ಲ. ಜೋಗದ ನೀರು 253 ಮೀಟರ್ ಬೀಳುತ್ತದೆ. ಗಾಳಿಯ ತಡೆ ಬಿಟ್ಟರೆ ಕೆಳಗೆ ಮುಟ್ಟುವಾಗ ವೇಗ ಎಷ್ಟು? ಸೂತ್ರ ಎಲ್ಲರಿಗೂ ಗೊತ್ತು, ಎರಡು ಜಿ ಹೆಚ್‌ನ ವರ್ಗಮೂಲ. ಜಿ 10 ಅಂತ ಹಿಡಿದರೆ 5060ರ ವರ್ಗಮೂಲ ಬೇಕು. ಅಲ್ಲಿ ಪೆನ್ನು ಕಚ್ಚುತ್ತಾ ಕೂರುವ ಬದಲು 70ರ ವರ್ಗ 4900, 72ರ ವರ್ಗ 5184 ಅಂತ ಹೊಳೆದರೆ ಉತ್ತರ 71ರ ಹತ್ತಿರ. ಆಯ್ಕೆಗಳಲ್ಲಿ 51, 71, 91 ಇದ್ದರೆ ಅಷ್ಟೇ ಸಾಕು, ಹತ್ತು ಸೆಕೆಂಡಿನ ಕೆಲಸ. 30ರವರೆಗಿನ ವರ್ಗ, 12ರವರೆಗಿನ ಘನ, ಸೈನ್–ಕಾಸ್ ಬೆಲೆಗಳು, ಹತ್ತರ ಘಾತಗಳ ಕೂಡುವಿಕೆ ಇವೆಲ್ಲ ಬಾಯಲ್ಲೇ ಇರಬೇಕು.

ಯಾವ ಪಾಠದಿಂದ ಶುರು? ತೀರಾ ಹೆದರಿಕೆ ಇರುವವರು ಅರೆವಾಹಕಗಳು, ಆಧುನಿಕ ಭೌತಶಾಸ್ತ್ರ, ಏಕಮಾನ–ಅಳತೆ, ವಿದ್ಯುತ್ ಪ್ರವಾಹ ಇವುಗಳಿಂದ ಹಿಡಿಯಿರಿ. ಕಡಿಮೆ ಸೂತ್ರಕ್ಕೆ ಜಾಸ್ತಿ ಅಂಕ. ಸ್ವಲ್ಪ ಧೈರ್ಯ ಬಂದ ಮೇಲೆ ಪ್ರಥಮ ಪಿಯುನ ಯಂತ್ರಶಾಸ್ತ್ರಕ್ಕೆ ಹೋಗಿ. ತಿರುಗುವ ಚಲನೆ ಕಷ್ಟವಾದರೆ ಕೊನೆಗಿಡಿ, ಅದೊಂದೇ ಪಾಠಕ್ಕೆ ಎರಡು ವಾರ ಸುರಿಯಬೇಡಿ.

ರಸಾಯನಶಾಸ್ತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಜೈವಿಕ ಭಾಗವನ್ನು ಜೀವಶಾಸ್ತ್ರದ ಹಾಗೆ ಸಾಲು ಸಾಲಾಗಿ ಓದಿ, ಭೌತ ಭಾಗವನ್ನು ಭೌತಶಾಸ್ತ್ರದ ಹಾಗೆ ಲೆಕ್ಕ ಮಾಡಿ, ಸಾವಯವ ಕ್ರಿಯೆಗಳನ್ನು ದಿನಾ ಒಂದು ಹಾಳೆಯಲ್ಲಿ ನೋಡದೆ ಬರೆಯಿರಿ.

ತಪ್ಪಿನ ಪುಸ್ತಕ

ಒಂದು ಇನ್ನೂರು ಪುಟದ ಸಾದಾ ನೋಟ್‌ಬುಕ್ ತನ್ನಿ. ಟೆಸ್ಟ್ ಬರೆದ ದಿನ ಅಂಕ ಲೆಕ್ಕ ಹಾಕಿ ಬೇಜಾರು ಮಾಡಿಕೊಳ್ಳುವ ಬದಲು ತಪ್ಪಾದ ಪ್ರತಿ ಪ್ರಶ್ನೆಯನ್ನೂ ಅದರಲ್ಲಿ ಬರೆಯಿರಿ. ಪಕ್ಕದಲ್ಲಿ ಯಾಕೆ ತಪ್ಪಾಯ್ತು ಅನ್ನುವುದು ಒಂದೇ ಸಾಲಲ್ಲಿ. ಹೀಗಿರಲಿ: "ತಪ್ಪಾದ ಹೇಳಿಕೆ ಯಾವುದು ಅಂತ ಕೇಳಿದ್ದ, ನಾನು ಸರಿಯಾದ್ದನ್ನು ಗುರುತು ಮಾಡಿದೆ." "ಸೆಂಟಿಮೀಟರನ್ನು ಮೀಟರ್ ಮಾಡಲಿಲ್ಲ." "ಪ್ರೊಫೇಸ್, ಮೆಟಾಫೇಸ್ ಅದಲುಬದಲು." "ಈ ಪಾಠ ಓದೇ ಇಲ್ಲ."

ಹತ್ತು ಟೆಸ್ಟ್ ಆದ ಮೇಲೆ ಆ ಪುಸ್ತಕ ತಿರುವಿ ಹಾಕಿದರೆ ನಿಮ್ಮ ರೋಗ ಏನು ಅಂತ ಕಾಣುತ್ತದೆ. ಗೊತ್ತಿಲ್ಲದೆ ತಪ್ಪಾದದ್ದಕ್ಕೆ ಓದೇ ಮದ್ದು. ಪ್ರಶ್ನೆ ಸರಿಯಾಗಿ ಓದದೆ ತಪ್ಪಾದದ್ದಕ್ಕೆ ಎಷ್ಟು ಓದಿದರೂ ಪ್ರಯೋಜನ ಇಲ್ಲ. ಪ್ರಶ್ನೆಯಲ್ಲಿ "ತಪ್ಪಾದ", "ಅಲ್ಲ", "ಹೊರತುಪಡಿಸಿ" ಇರುವಲ್ಲಿ ಪೆನ್ನಿನಿಂದ ಸುತ್ತು ಹಾಕುವ ರೂಢಿ ಮಾಡಿಕೊಳ್ಳಿ. ನಾನು ನೋಡಿದ ಮಟ್ಟಿಗೆ ಒಳ್ಳೇ ಮಕ್ಕಳ ಅಂಕ ಹೋಗುವುದು ಈ ಎರಡನೇ ಜಾತಿಯ ತಪ್ಪುಗಳಲ್ಲೇ.

ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಎನ್‌ಟಿಎ ಜಾಲತಾಣದಲ್ಲೇ ಸಿಗುತ್ತವೆ. ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಐಐಟಿ ಕಾನ್ಪುರದ 'ಸಾಥೀ' ಅನ್ನುವ ತಾಣದಲ್ಲಿ ನೀಟ್‌ಗೆ ಉಚಿತ ಪಾಠ, ಟೆಸ್ಟ್ ಇವೆ. ಮೊದಲು ಇವನ್ನು ಮುಗಿಸಿ. ದುಡ್ಡು ಕೊಟ್ಟು ಟೆಸ್ಟ್ ಸರಣಿ ತಗೊಳ್ಳುವ ಯೋಚನೆ ಆಮೇಲೆ.

ಊಹೆ ಮಾಡಿ ಉತ್ತರ ಬರೆಯಬೇಕಾ? ಲೆಕ್ಕ ಸರಳ. ನಾಲ್ಕೂ ಆಯ್ಕೆ ಗೊತ್ತಿಲ್ಲದೆ ಕಣ್ಮುಚ್ಚಿ ಹೊಡೆದರೆ ಸರಾಸರಿ ಸಿಗುವುದು ಕಾಲು ಅಂಕ. ಆ ಕಾಲು ಅಂಕಕ್ಕೆ ಸಮಯವೂ ಹೋಗುತ್ತದೆ, ಅದೃಷ್ಟ ಕೈಕೊಟ್ಟರೆ ಹತ್ತಿಪ್ಪತ್ತು ಅಂಕವೂ ಹೋಗುತ್ತದೆ. ಆದರೆ ಎರಡು ಆಯ್ಕೆ ಖಂಡಿತ ಅಲ್ಲ ಅಂತ ತೆಗೆದುಹಾಕಲು ಆದರೆ ಸರಾಸರಿ ಒಂದೂವರೆ ಅಂಕ. ಅಂಥ ಕಡೆ ಧೈರ್ಯವಾಗಿ ಬರೆಯಿರಿ.

ಮಳೆ, ಕರೆಂಟು, ಅಡಿಕೆ

ಕೋಚಿಂಗ್‌ನವರ ಟೈಮ್‌ಟೇಬಲ್ ನಮ್ಮೂರಿಗೆ ಹೊಂದುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಆಗುಂಬೆ, ಹೊಸನಗರ ಕಡೆ ಮಳೆ ಹಿಡಿದರೆ ಕರೆಂಟು ದಿನಗಟ್ಟಲೆ ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕೂ. ಆನ್‌ಲೈನ್ ಕ್ಲಾಸನ್ನೇ ನಂಬಿದವರ ಗತಿ ಆಗ ಕಷ್ಟ. ಮೇ ತಿಂಗಳಲ್ಲೇ ಬೇಕಾದ ಪ್ರಶ್ನೆಪತ್ರಿಕೆಗಳ ಪ್ರಿಂಟ್ ತೆಗೆಸಿ, ವಿಡಿಯೋಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಒಂದು ಚಾರ್ಜಿಂಗ್ ಲೈಟ್ ಬೇಕೇ ಬೇಕು. ಜಿಲ್ಲಾಡಳಿತ ಮಳೆ ರಜೆ ಕೊಟ್ಟ ದಿನ ಪ್ರಥಮ ಪಿಯು ಪಾಠಗಳಿಗೆ ಸರಿಯಾದ ದಿನ. ಪಠ್ಯಕ್ರಮದಲ್ಲಿ ಅರ್ಧ ಅದೇ ಇದೆ, ದ್ವಿತೀಯ ವರ್ಷದ ಗಡಿಬಿಡಿಯಲ್ಲಿ ಅದನ್ನು ಮುಟ್ಟುವುದಕ್ಕೆ ಬೇರೆ ದಿನ ಸಿಗುವುದಿಲ್ಲ.

ಕೊನೆಕೊಯ್ಲು ಶುರುವಾದರೆ ಮನೆಯೆಲ್ಲ ಅಡಿಕೆ. ರಾತ್ರಿ ಹನ್ನೊಂದರವರೆಗೂ ಸುಲಿತ, ಬೆಳಿಗ್ಗೆ ಬೇಯಿಸೋದು, ಒಣಗಿಸೋದು. ಓದುವ ಮಕ್ಕಳನ್ನು ಪೂರ್ತಿ ಬಿಟ್ಟುಬಿಡಿ ಅಂತ ಅಪ್ಪ ಅಮ್ಮಂದಿರಿಗೆ ಹೇಳಿದರೆ ಅದು ಆಗುವ ಮಾತಲ್ಲ. ಮೆಟ್ಟುಗತ್ತಿ ಮುಂದೆ ಕೂತು ಪುಸ್ತಕ ಓದುವುದಕ್ಕೂ ಆಗುವುದಿಲ್ಲ. ಕೇಳುವುದಕ್ಕೆ ಆಗುತ್ತದೆ. ನಿಮ್ಮದೇ ದನಿಯಲ್ಲಿ ಪ್ರಶ್ನೆ ಓದಿ, ಐದು ಸೆಕೆಂಡ್ ಬಿಟ್ಟು, ಉತ್ತರ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಸುಲಿಯುತ್ತಾ ಕೇಳಿ, ಆ ಐದು ಸೆಕೆಂಡಿನಲ್ಲಿ ನೀವೇ ಉತ್ತರ ಹೇಳಿ. ಹಾರ್ಮೋನುಗಳು, ಸಸ್ಯ ಕುಲಗಳು, ವಿಜ್ಞಾನಿಗಳ ಹೆಸರು ಇವಕ್ಕೆ ಇದಕ್ಕಿಂತ ಒಳ್ಳೇ ಉಪಾಯ ನನಗೆ ಗೊತ್ತಿಲ್ಲ. ಬಸ್ಸಿನಲ್ಲಿ ದಿನಾ ಕಾಲೇಜಿಗೆ ಓಡಾಡುವವರಿಗೂ ಇದೇ. ಘಾಟಿ ತಿರುವಿನಲ್ಲಿ ಪುಸ್ತಕ ನೋಡಿದರೆ ವಾಂತಿ ಬರುತ್ತದೆ, ಕಿವಿಗೆ ಏನೂ ಆಗುವುದಿಲ್ಲ.

ಅರ್ಜಿ, ಭಾಷೆ, ಸರ್ಟಿಫಿಕೇಟು

ಅರ್ಜಿಗೆ ಕೊಡುವ ಮೊಬೈಲ್ ನಂಬರ್ ಮನೆಯಲ್ಲಿ ಸಿಗ್ನಲ್ ಬರುವ ಕಂಪನಿಯದ್ದೇ ಇರಲಿ. ಒಟಿಪಿಗಾಗಿ ಗುಡ್ಡ ಹತ್ತಿ, ಇಳಿದು ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಆ ನಂಬರಿನ ರೀಚಾರ್ಜ್ ಸೀಟು ಹಂಚಿಕೆ ಮುಗಿಯುವವರೆಗೂ ನಿಲ್ಲಬಾರದು. ಸೈಬರ್ ಸೆಂಟರಿನವರ ಇಮೇಲ್ ಹಾಕಿಸಬೇಡಿ. ನಿಮ್ಮದೇ ಮಾಡಿಕೊಂಡು ಪಾಸ್‌ವರ್ಡ್ ಬರೆದಿಡಿ.

ಪ್ರಶ್ನೆಪತ್ರಿಕೆ 13 ಭಾಷೆಗಳಲ್ಲಿ ಇರುತ್ತದೆ, ಕನ್ನಡವೂ ಉಂಟು. ಕನ್ನಡ ಆರಿಸಿದರೆ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಪತ್ರಿಕೆ ಸಿಗುತ್ತದೆ. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷಿನಲ್ಲಿ ಇರುವುದೇ ಅಂತಿಮ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪ್ರಥಮ ಪಿಯುನಲ್ಲಿ ಇಂಗ್ಲಿಷಿಗೆ ತಡವರಿಸಿದವರು ಕನ್ನಡ ಆರಿಸಿಕೊಳ್ಳಲಿ, ನಷ್ಟ ಏನಿಲ್ಲ. ಆದರೆ ಎರಡನ್ನೂ ಓದುತ್ತಾ ಹೋದರೆ ಸಮಯ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಓದಿ, ವಾಕ್ಯ ಅರ್ಥವಾಗದ ಕಡೆ ಮಾತ್ರ ಕನ್ನಡಕ್ಕೆ ಕಣ್ಣು ಹಾಯಿಸಿ.

ಜಾತಿಯ ಕಾಲಂನಲ್ಲಿ ಬಹಳ ಜನ ಎಡವುತ್ತಾರೆ. ನೀಟ್ ಅರ್ಜಿಯಲ್ಲಿ ಕೇಳುವ ಒಬಿಸಿ ಕೇಂದ್ರದ ಪಟ್ಟಿಯದ್ದು. ರಾಜ್ಯದ 2ಎ, 3ಎ, 3ಬಿ ಬೇರೆ. ಕೇಂದ್ರಕ್ಕೆ ಬೇರೆ ನಮೂನೆಯ ಪ್ರಮಾಣಪತ್ರ ಬೇಕು. ನಾಡಕಚೇರಿಗೆ ಹೋದಾಗ ಎರಡನ್ನೂ ಕೇಳಿ ಮಾಡಿಸಿ.

ರಾಜ್ಯದ ಸೀಟುಗಳನ್ನು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಸರ್ಕಾರಿ ಕಾಲೇಜುಗಳ ಶೇ. 15 ಸೀಟು ಅಖಿಲ ಭಾರತ ಕೋಟಾಕ್ಕೆ ಹೋದರೆ, ಶೇ. 85 ಇಲ್ಲಿನವರಿಗೆ. ನಮ್ಮ ಮೆಗ್ಗಾನ್ ಆಸ್ಪತ್ರೆಗೆ ಸೇರಿದ ಶಿವಮೊಗ್ಗ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಇದರಲ್ಲಿ ಬರುತ್ತದೆ. ಎನ್‌ಟಿಎ ಅರ್ಜಿ ಹಾಕಿದರೆ ಇದಕ್ಕೆ ತಾನಾಗಿ ಸೇರುವುದಿಲ್ಲ, ಪ್ರಾಧಿಕಾರಕ್ಕೆ ಬೇರೆ ಅರ್ಜಿ ಹಾಕಬೇಕು. ಒಂದರಿಂದ ಹತ್ತನೇ ಕ್ಲಾಸು ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದವರಿಗೆ ಅದರ ಮೀಸಲಾತಿ ಇದೆ. ಮಲೆನಾಡಿನ ಮಕ್ಕಳಿಗೆ ಇದು ದೊಡ್ಡ ಆಸ್ತಿ, ಆದರೆ ಅರ್ಜಿಯಲ್ಲೇ ಕೇಳಿರಬೇಕು. ಅದಕ್ಕೆ ಶಾಲೆಯ ಮುಖ್ಯ ಶಿಕ್ಷಕರ ಸಹಿ, ಮೇಲೆ ಬಿಇಒ ಸಹಿ ಬೇಕು. ಏಪ್ರಿಲ್ ಎರಡನೇ ವಾರಕ್ಕೆ ಬೇಸಿಗೆ ರಜೆ ಶುರುವಾದರೆ ಶಾಲೆಗೆ ಬೀಗ. ಮಾರ್ಚ್ ಒಳಗೇ ಈ ಕೆಲಸ ಮುಗಿಸಿ. ಒಂದೊಂದು ಕ್ಲಾಸು ಒಂದೊಂದು ಶಾಲೆಯಲ್ಲಿ ಓದಿದವರು ಇನ್ನೂ ಮೊದಲೇ ಹೊರಡಬೇಕು.

ಕೊನೆಯ ಎರಡು ತಿಂಗಳು

ಮಾರ್ಚ್‌ನಲ್ಲಿ ಬೋರ್ಡ್, ಏಪ್ರಿಲ್‌ನಲ್ಲಿ ಸಿಇಟಿ. ನೀಟ್ 2023, 2024, 2025 ಮೂರೂ ವರ್ಷ ಮೇ ಮೊದಲ ಭಾನುವಾರವೇ ನಡೆಯಿತು. ನಡುವೆ ಸಿಗುವ ದಿನ ಕಡಿಮೆ. ಈಗ ಹೊಸ ಪುಸ್ತಕ ಮುಟ್ಟಬೇಡಿ. ತಪ್ಪಿನ ಪುಸ್ತಕ, ಎನ್‌ಸಿಇಆರ್‌ಟಿ, ಪೂರ್ತಿ ಪ್ರಶ್ನೆಪತ್ರಿಕೆ, ಇಷ್ಟೇ.

ಪತ್ರಿಕೆ ಬರೆಯುವುದು ಮಧ್ಯಾಹ್ನ 2ರಿಂದ 5ರವರೆಗೇ ಆಗಲಿ, ನಿಜವಾದ ಪರೀಕ್ಷೆಯ ಹೊತ್ತು ಅದೇ. ನಮ್ಮ ಕಡೆ ಊಟ ಮಾಡಿ ಒಂದು ಗಳಿಗೆ ಅಡ್ಡಾಗುವುದು ರೂಢಿ. ಆ ನಿದ್ದೆಯನ್ನು ಏಪ್ರಿಲ್‌ನಲ್ಲೇ ಬಿಡಿಸಬೇಕು. ಉತ್ತರ ಗುರುತು ಮಾಡುವ ಒಎಂಆರ್ ಹಾಳೆಯ ನಕಲು ಪ್ರತಿ ತೆಗೆಸಿ, ಕಪ್ಪು ಬಾಲ್ ಪೆನ್ನಿನಲ್ಲಿ ಗುಂಡಿ ತುಂಬಿ. 180 ಗುಂಡಿ ತುಂಬಲು ಕಾಲು ಗಂಟೆ ಬೇಕೇ ಬೇಕು. ಅದನ್ನು ಕೊನೆಗಿಡದೆ ಒಂದೊಂದು ಪುಟ ಮುಗಿದ ಹಾಗೆ ತುಂಬುತ್ತಾ ಹೋಗಿ. ಜೀವಶಾಸ್ತ್ರ 50 ನಿಮಿಷದೊಳಗೆ, ರಸಾಯನಶಾಸ್ತ್ರ 50, ಉಳಿದದ್ದು ಭೌತಶಾಸ್ತ್ರಕ್ಕೆ. ಯಾವ ಪ್ರಶ್ನೆಗೂ ಎರಡು ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ.

ಇಷ್ಟು ಅಂಕ ಬಂದರೆ ಸೀಟು ಅಂತ ಯಾರು ಹೇಳಿದರೂ ತಲೆಗೆ ಹಚ್ಚಿಕೊಳ್ಳಬೇಡಿ. 2024ರಲ್ಲಿ 720ಕ್ಕೆ 720 ಬಂದವರು ಹಲವರಿದ್ದರು. 2025ರಲ್ಲಿ ಪತ್ರಿಕೆ ಕಷ್ಟವಾಗಿ ದೇಶಕ್ಕೇ ಮೊದಲು ಬಂದವರ ಅಂಕ 686. ಸೀಟು ಕೊಡುವುದು ರ‍್ಯಾಂಕ್ ನೋಡಿ.

ಆ ದಿನ

ಹಾಲ್‌ಟಿಕೆಟ್‌ಗೆ ಮೊದಲೇ ಪರೀಕ್ಷೆಯ ಊರು ಯಾವುದು ಅಂತ ತಿಳಿಸುವ ಚೀಟಿ ಜಾಲತಾಣದಲ್ಲಿ ಬರುತ್ತದೆ. ಶಿವಮೊಗ್ಗ ಸಿಕ್ಕಿದರೂ ಹೊಸನಗರ, ಸಾಗರ ತಾಲ್ಲೂಕುಗಳ ನಗರ, ಯಡೂರು, ಕರೂರು ಸೀಮೆಯವರು ಹಿಂದಿನ ದಿನವೇ ನೆಂಟರ ಮನೆ ಸೇರಿಕೊಳ್ಳುವುದು ಕ್ಷೇಮ. ಭಾನುವಾರ ಬಸ್ಸು ಕಡಿಮೆ, ಮೇ ತಿಂಗಳ ಗುಡುಗು ಮಳೆಗೆ ರಸ್ತೆಗೆ ಮರ ಬೀಳುವುದೂ ಹೊಸದಲ್ಲ. ಮಧ್ಯಾಹ್ನ 1.30ಕ್ಕೆ ಗೇಟು ಹಾಕಿದರೆ ಮುಗಿಯಿತು, ಯಾರು ಕೈಮುಗಿದರೂ ತೆಗೆಯುವುದಿಲ್ಲ. ಹನ್ನೆರಡಕ್ಕೆಲ್ಲ ಅಲ್ಲಿರಿ.

ಅರ್ಧ ತೋಳಿನ ತೆಳು ಬಟ್ಟೆ, ಕಾಲಿಗೆ ಚಪ್ಪಲಿ. ಶೂ ಬೇಡ, ಬಳೆ, ಓಲೆ, ಸರ, ವಾಚು ಬೇಡ. ಪೆನ್ನು ಅವರೇ ಕೊಡುತ್ತಾರೆ. ಹಾಲ್‌ಟಿಕೆಟ್ ಜೊತೆಗಿನ ನಮೂನೆಗೆ ಪೋಸ್ಟ್‌ಕಾರ್ಡ್ ಅಳತೆಯ ಫೋಟೋ ಮನೆಯಲ್ಲೇ ಅಂಟಿಸಿ. ಮೇಲ್ವಿಚಾರಕರ ಎದುರೇ ಹಾಕಬೇಕಾದ ಸಹಿಯನ್ನು ಮಾತ್ರ ಮೊದಲೇ ಹಾಕಬೇಡಿ. ಆಧಾರ್ ಮೂಲ ಪ್ರತಿ, ಅರ್ಜಿಗೆ ಹಾಕಿದ್ದೇ ಫೋಟೋದ ಇನ್ನೊಂದು ಪ್ರತಿ, ಪಾರದರ್ಶಕ ಬಾಟಲಿಯಲ್ಲಿ ನೀರು. ಪ್ರಶ್ನೆಪುಸ್ತಿಕೆ ಕೈಗೆ ಬಂದ ತಕ್ಷಣ ಅದರ ಕೋಡ್ ಒಎಂಆರ್ ಹಾಳೆಯ ಕೋಡಿಗೆ ಹೊಂದುತ್ತದಾ ಅಂತ ನೋಡಿ. ಹೊಂದದಿದ್ದರೆ ಆಗಲೇ ಕೈ ಎತ್ತಿ.

ಪರೀಕ್ಷೆ ಮುಗಿಸಿ ಹೊರಗೆ ಬಂದ ಮೇಲೆ ಗೇಟಿನ ಹತ್ತಿರ ನಿಂತು ಉತ್ತರ ತಾಳೆ ನೋಡಬೇಡಿ. ಕೆಲ ದಿನಕ್ಕೆ ಎನ್‌ಟಿಎ ನಿಮ್ಮ ಒಎಂಆರ್ ಹಾಳೆಯ ಸ್ಕ್ಯಾನ್ ಮತ್ತು ತಾತ್ಕಾಲಿಕ ಕೀ ಉತ್ತರ ಎರಡನ್ನೂ ಹಾಕುತ್ತದೆ. ಯಾವುದಾದರೂ ಉತ್ತರ ತಪ್ಪು ಅನ್ನಿಸಿದರೆ ಶುಲ್ಕ ಕಟ್ಟಿ ಆಕ್ಷೇಪ ಹಾಕಬಹುದು, ಪುಸ್ತಕದ ಪುಟ ತೋರಿಸಲು ಆಗುವಂತಿದ್ದರೆ ಮಾತ್ರ ಹಾಕಿ. ಹಾಲ್‌ಟಿಕೆಟನ್ನು ಎಸೆಯಬೇಡಿ, ಪ್ರಾಧಿಕಾರದ ದಾಖಲೆ ಪರಿಶೀಲನೆಗೂ ಕಾಲೇಜು ಸೇರುವಾಗಲೂ ಕೇಳುತ್ತಾರೆ. ಎಲ್ಲ ಸರ್ಟಿಫಿಕೇಟಿನ ಎರಡೆರಡು ಜೆರಾಕ್ಸ್ ಮಾಡಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿಡಿ. ಪರಿಶೀಲನೆ ಶುರುವಾಗುವ ಹೊತ್ತಿಗೆ ಮಳೆಗಾಲ ಬಂದಿರುತ್ತದೆ.